ಸ್ಲೈಡ್ ಬಿಟ್ಟೆ, ಕೆಟ್ಟ ಬೋರ್ಡ್ ಕೊಟ್ಟೆ: ಅಧ್ಯಾಪಕರಿಗೆ ಸೆನ್ಸರ್ ಕಲಿಸಿದ ನನ್ನ ಅನುಭವ

'ಪ್ರೊಫೆಸರ್‌ಗಳ ಕೈಗೆ ಕೆಟ್ಟ ಬೋರ್ಡ್ ಕೊಡ್ತೀರಾ? ಬೇಜಾರು ಮಾಡ್ಕೋತಾರೆ ಸರ್' ಅಂತ, ನಾನು ಅಧ್ಯಾಪಕರಿಗೆ ಸೆನ್ಸರ್ ತರಬೇತಿ ಕೊಡಲು ಹೊರಟಾಗ ಎಲ್ಲರೂ ಹೆದರಿಸಿದ್ದರು. ಯಾರೂ ಎದ್ದು ಹೋಗಲಿಲ್ಲ. ಆ ಬ್ಯಾಚಿನ ಅರ್ಧಕ್ಕಿಂತ ಜಾಸ್ತಿ ಜನ ಈಗ ತಮ್ಮ ಲ್ಯಾಬಿನಲ್ಲೂ ಹಾಗೇ ಕಲಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾಮೂಲಿ ತರಬೇತಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ದಿನವಿಡೀ ಸ್ಲೈಡು, ಕೊನೆಗೊಂದು ಸರ್ಟಿಫಿಕೇಟು. ಮುಂದಿನ ಸೆಮಿಸ್ಟರಿನಲ್ಲಿ ಮತ್ತದೇ ಹಳೇ ಸೆನ್ಸರ್: ತಾಪ ಅಳೆಯುವ ಥರ್ಮೋಕಪಲ್, ಸರಿದ ದೂರ ಅಳೆಯುವ ಎಲ್‌ವಿಡಿಟಿ. ದುಡ್ಡೆಲ್ಲ ಟ್ರೈನರ್ ಕಿಟ್‌ಗೆ ಸುರಿಯುತ್ತಾರೆ. ಅದರಲ್ಲಿ ವೈರಿಂಗ್ ಒಳಗೇ ಮುಗಿದಿರುತ್ತದೆ, ಗುಂಡಿ ಒತ್ತಿದರೆ ರೀಡಿಂಗ್. ಒಂದು ಕಿಟ್ಟಿನ ದುಡ್ಡಿಗೆ ನನಗೆ ಸುಮಾರು 40 ಬಿಡಿ ಸೆನ್ಸರ್ ಮಾಡ್ಯೂಲ್, 10-12 ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್) ಬೋರ್ಡ್ ಬಂದವು. ಬಿಲ್ ಪಾಸ್ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು ಬಿಡಿ.

ಬಂದ ಮಾಲಿನಲ್ಲೂ ಎಡವಟ್ಟು. ತಾಪ, ಒತ್ತಡ, ತೇವಾಂಶ ಮೂರನ್ನೂ ಅಳೆಯುವ ಬಿಎಂಇ280 ಸೆನ್ಸರ್ ಅಂತ ತರಿಸಿದ್ದರಲ್ಲಿ ಹೆಚ್ಚುಕಮ್ಮಿ ಅರ್ಧ ಬಿಎಂಪಿ280. ಅದು ತೇವಾಂಶ ಅಳೆಯುವುದೇ ಇಲ್ಲ. ಮಾರಿದವರು ವಾಪಸ್ ತಗೊಳ್ಳಲಿಲ್ಲ, ದುಡ್ಡು ಹೋಯಿತು. ನಾನು ಏನೂ ಹೇಳದೆ ಅವನ್ನೇ ಹಂಚಿಬಿಟ್ಟೆ. ಬೋರ್ಡಿಗೆ ಸೇರಿಸಿದ ಚಿಪ್ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿದರೆ ಹೆಕ್ಸ್ (ಹದಿನಾರರ ಎಣಿಕೆ) 76 ವಿಳಾಸದಲ್ಲಿ ಚಿಪ್ ಉತ್ತರ ಕೊಡುತ್ತದೆ. ಸೆನ್ಸರ್ ಓದುವ ಸಿದ್ಧ ಕೋಡ್, ಅಂದರೆ ಲೈಬ್ರರಿ ಮಾತ್ರ ಸೆನ್ಸರೇ ಇಲ್ಲ ಅನ್ನುತ್ತದೆ. ಹಿರಿಯ ಮೇಡಂ ಒಬ್ಬರು ಜಂಪರ್ ವೈರ್ ಬದಲಿಸಿದರು, ಪುಲ್‌ಅಪ್ ರೆಸಿಸ್ಟರ್ ನೋಡಿದರು. ಕೊನೆಗೆ ಚಿಪ್ಪಿನ ಡೇಟಾಶೀಟ್ ತೆಗೆದು, ಚಿಪ್ಪಿನ ಗುರುತಿನ ಸಂಖ್ಯೆ (ಐಡಿ) ಇರುವ ಹೆಕ್ಸ್ ಡಿ0 ರಿಜಿಸ್ಟರ್ ಓದಿದರು. 60 ಬರಬೇಕಾದ ಕಡೆ 58. 'ಇದು ಬೇರೆ ಚಿಪ್ಪೇ ಅಲ್ವಾ!' ಅಂದರು. ಐಡಿ ರಿಜಿಸ್ಟರ್ ಮೊದಲು ಓದಿ ಅಂತ ನಾನು ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಎಂಕ್ಯೂ ಸರಣಿಯ ಗ್ಯಾಸ್ ಸೆನ್ಸರ್ ಕೈಬಿಟ್ಟೆ. 24 ಗಂಟೆಗೂ ಮೇಲೆ ಅದರೊಳಗಿನ ಹೀಟರ್ ಬಿಸಿಯಾಗಿರಬೇಕು. ಬೆಳಿಗ್ಗೆ ಹಾಕಿ ಮಧ್ಯಾಹ್ನ ಪಾಠಕ್ಕಿಳಿದರೆ ರೀಡಿಂಗ್ ಒಂದೆಡೆ ನಿಲ್ಲುವುದೇ ಇಲ್ಲ.

ನಡುವೆ ಸುಮ್ನೆ ಒಂದು ಆಟ. ಬೆಳಕಿನಿಂದ ದೂರ ಅಳೆಯುವ ವಿಎಲ್53ಎಲ್0ಎಕ್ಸ್ ಸೆನ್ಸರ್ ಮುಂದೆ ಬಿಳಿ ಹಾಳೆ ಹಿಡಿದರೆ ಒಂದು ಮೀಟರ್ ಆಚೆಗೂ ಚೆನ್ನಾಗಿ ಅಳೆಯಿತು. ಕಪ್ಪು ಬಟ್ಟೆ ಹಿಡಿದರೆ ಅರ್ಧ ದೂರವೂ ಇಲ್ಲ, ಬಿಸಿಲು ಬೀಳುವ ಕಿಟಕಿ ಹತ್ತಿರ ಇನ್ನೂ ಕಡಿಮೆ. ಅರ್ಧ ಗಂಟೆಗೆ ಅಂದುಕೊಂಡದ್ದು ಇಡೀ ಮಧ್ಯಾಹ್ನ ನುಂಗಿತು. ಯಾರೂ ಬೇಡ ಅನ್ನಲಿಲ್ಲ.

ಕೊನೇ ದಿನ ಪ್ರತಿಯೊಬ್ಬರೂ ನಿಜವಾದ ವಿದ್ಯಾರ್ಥಿಗಳ ಮುಂದೆ ಒಂದೊಂದು ಸೆನ್ಸರ್ ಪಾಠ ಮಾಡಬೇಕು. ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ, ಏನೇ ಕೈಕೊಟ್ಟರೂ ಬಾಯಿ ಬಿಡುವುದಿಲ್ಲ. ನನ್ನ ಪ್ರಕಾರ ಇದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಬೇಕಂತಲೇ ಹಾಕಿಡುವ ದೋಷಗಳಲ್ಲಿ ಒಂದು ಹೇಳುತ್ತೇನೆ. ಅನಲಾಗ್ ಸೆನ್ಸರನ್ನು ಇಎಸ್‌ಪಿ32ರ ಎಡಿಸಿ2 (ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ಘಟಕ) ಪಿನ್ನಿಗೆ ಹಾಕಿಕೊಡಿ. ವೈಫೈ ಆನ್ ಮಾಡುವ ತನಕ ಎಲ್ಲ ಸರಿಯಾಗೇ ಇರುತ್ತದೆ, ಆಮೇಲೆ ರೀಡಿಂಗ್ ಕೈಕೊಡುತ್ತದೆ. ಉಳಿದೆರಡು ಹೇಳಲ್ಲ, ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.