ಪವನಾ ಹಿನ್ನೀರಿನ ದಂಡೆಯಲ್ಲಿ ಟೆಂಟ್ ಹಾಕುವುದು ಹೇಗೆ

ಮಳೆ ನಿಂತಿತು ಅಂದರೆ ಸಾಕು, ಪುಣೆ-ಮುಂಬೈಯಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಲೋಣಾವಳ ಹತ್ತಿರದ ಪವನಾ ಅಣೆಕಟ್ಟಿನ ಹಿನ್ನೀರಿನ ಸುದ್ದಿ ಶುರುವಾಗುತ್ತದೆ. ಹೋಗಿ, ಒಳ್ಳೆಯ ಜಾಗ. ಆದರೆ ಪ್ಯಾಕೇಜ್ ತಗೊಂಡು ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಟೆಂಟ್, ಊಟ ಎಲ್ಲ ಸಿಗುತ್ತದೆ ನಿಜ, ಜೊತೆಗೆ ಪಕ್ಕದ ಗುಂಪಿನ ಸ್ಪೀಕರ್ ಕೂಡ ಸಿಗುತ್ತದೆ. ನಾಲ್ಕೈದು ಜನ ಇದ್ದರೆ ಸ್ವಂತ ಟೆಂಟೇ ಸರಿ. ಒಂದೇ ಷರತ್ತು, ಮಧ್ಯಾಹ್ನ ಮೂರರೊಳಗೆ ಅಲ್ಲಿರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇ ಹೊತ್ತಿಗೆ ನೀರು ಹಿಂದೆ ಸರಿದು ದಂಡೆಯಲ್ಲಿ ಕೆಸರು ಉಳಿದಿರುತ್ತದೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ನಕ್ಷತ್ರ ನೋಡುವ ಆಸೆ ಇದ್ದರೆ ಅಮಾವಾಸ್ಯೆ ಹತ್ತಿರದ ಶನಿವಾರ ಹುಡುಕಿ.

ಮುಂಬೈಯಿಂದ ಬರುವವರು ಲೋಣಾವಳದಲ್ಲಿ ಇಳಿದು ಪುಣೆ ಲೋಕಲ್ ಹತ್ತಿ, ಮಳವಲಿ ಆದಮೇಲೆ ಕಾಮಶೇತ್. ಪುಣೆಯವರಿಗೆ ಅದೇ ಲೋಕಲ್ ಸೀದಾ. ಮುಂಬೈಯ ಹಾಗೆ ಇಲ್ಲಿ ಒಂದರ ಹಿಂದೆ ಒಂದು ಗಾಡಿ ಬರುವುದಿಲ್ಲ, ಸಮಯ ನೋಡಿಕೊಂಡೇ ಹೊರಡಿ. ಕಾಮಶೇತಿನಿಂದ ಪವನಾನಗರಕ್ಕೆ ಶೇರ್ ಜೀಪ್ ಅಥವಾ ರಿಕ್ಷಾ ಹಿಡಿಯಿರಿ. ಕುಡಿಯುವ ನೀರು, ತರಕಾರಿ, ಚಿಲ್ಲರೆ ನೋಟು ಎಲ್ಲ ಅಲ್ಲೇ ಹೊಂದಿಸಿಕೊಳ್ಳಿ, ಮುಂದೆ ಎಲ್ಲ ಕಡೆ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಬೇಡಿ.

ಇನ್ನು ಜಾಗ. ಮೂರರೊಳಗೆ ಬನ್ನಿ ಅಂದದ್ದು ಇದಕ್ಕೇ, ಜಾಗ ಹುಡುಕಲು ಬೆಳಕು ಬೇಕು. ದಂಡೆಯ ಬಹಳಷ್ಟು ಭೂಮಿ ರೈತರದ್ದು, ಹತ್ತಿರದ ಮನೆಯಲ್ಲಿ ಕೇಳದೆ ಗೂಟ ಹೊಡೆಯಬೇಡಿ. "ಕಾಕಾ, ಇಥೇ ರಾಹೂ ಕಾ?" (ಕಾಕಾ, ಇಲ್ಲಿ ಉಳಿಯಬಹುದಾ?) ಅಂತ ಮರಾಠಿಯಲ್ಲಿ ಕೇಳಿದರೆ ಅರ್ಧ ಕೆಲಸ ಆದ ಹಾಗೆ. ಎಷ್ಟು ದುಡ್ಡು ಅಂತ ಮೊದಲೇ ಮಾತಾಡಿಕೊಂಡು ರಾತ್ರಿಗೆ ಪಿಠ್ಲ-ಭಾಕರಿಯನ್ನೂ (ಕಡಲೆಹಿಟ್ಟಿನ ಝುಣಕ, ರೊಟ್ಟಿ) ಅವರ ಮನೆಯಲ್ಲೇ ಹೇಳಿಬಿಡಿ. ನೀರಿಗೆ ತೀರಾ ಹತ್ತಿರ ಹೋದರೆ ಬೆಳಗಿನ ಹೊತ್ತಿಗೆ ಟೆಂಟ್ ಇಬ್ಬನಿಯಲ್ಲಿ ನೆನೆದು ತೊಪ್ಪೆಯಾಗಿರುತ್ತದೆ, ಆದ್ದರಿಂದ ಸ್ವಲ್ಪ ಎತ್ತರದ, ಸಮತಟ್ಟಾದ ಜಾಗ ನೋಡಿ. ಕೊಯ್ಲಾದ ಭತ್ತದ ಗದ್ದೆಯಾದರೆ ಕೂಳೆ ಬೆನ್ನಿಗೆ ಚುಚ್ಚುತ್ತದೆ. ಟೆಂಟ್ ಹರಡುವ ಮೊದಲು ಒಬ್ಬರು ಸುಮ್ನೆ ನೆಲದ ಮೇಲೆ ಮಲಗಿ ನೋಡಲಿ. ಎಲ್ಲಿ ಕಲ್ಲಿದೆ, ತಲೆ ಯಾವ ಕಡೆ ಇಳಿಜಾರಾಗುತ್ತದೆ, ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಾಗಿಲು ಗಾಳಿಗೆ ಎದುರಾಗಿ ಬೇಡ. ಗೂಟವನ್ನು ನೆಟ್ಟಗೆ ಹೊಡೆಯದೆ, ಅದರ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಿರಿ, ಹಗ್ಗ ಎಳೆದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಮೇಲಿನ ಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ, ತಾಗಿದ ಕಡೆಯಿಂದಲೇ ತೇವ ಒಳಗೆ ಬರುತ್ತದೆ. ಹೊದೆಯಲು ಎಲ್ಲರೂ ತರುತ್ತಾರೆ, ಹಾಸಲು ಮರೆಯುತ್ತಾರೆ. ಚಳಿ ಜಾಸ್ತಿ ಆಗುವುದು ನೆಲದಿಂದ, ದಪ್ಪ ಮ್ಯಾಟ್ ಇರಲಿ.

ಬೆಳಗಿನ ತಿಂಡಿಗೆ ಮನೆಯಲ್ಲೇ ರವೆ ಹುರಿದು, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಬೆರೆಸಿ ಡಬ್ಬಿಯಲ್ಲಿ ತುಂಬಿಕೊಳ್ಳಿ. ಅಲ್ಲಿ ನೀರು ಕುದಿಸಿ ಉಪ್ಪು ಹಾಕಿ ಸುರಿದರೆ ಉಪ್ಪಿಟ್ಟು ರೆಡಿ. ವಿಜಯಪುರ, ಬಾಗಲಕೋಟೆ ಕಡೆಯ ಸ್ನೇಹಿತರಿದ್ದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುವ ಜವಾಬ್ದಾರಿ ಅವರದ್ದೇ, ಕೆಡುವ ಚಿಂತೆಯಿಲ್ಲ. ಎಷ್ಟೇ ಚಳಿ ಇರಲಿ, ಟೆಂಟ್ ಒಳಗೆ ಒಲೆ ಹಚ್ಚಬೇಡಿ, ಕೆಂಡವನ್ನೂ ಇಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಒಣ ಹುಲ್ಲಿನ ಹತ್ತಿರ ಬೆಂಕಿ ಹಾಕುವುದಂತೂ ಇಡೀ ಗುಡ್ಡಕ್ಕೆ ಅಪಾಯ.

ನೀರಿಗೆ ಇಳಿಯಬೇಡಿ. ಇದು ಅಣೆಕಟ್ಟಿನ ನೀರು, ಮುಳುಗಿದ ಹೊಲ-ಹಳ್ಳಗಳ ಮೇಲೆ ನಿಂತದ್ದು, ಮೊಣಕಾಲುದ್ದ ಇದ್ದ ಕಡೆ ಮುಂದಿನ ಹೆಜ್ಜೆಗೆ ತಲೆ ಮುಳುಗಬಹುದು. ಈಜು ಬರುವವರೂ ಇಲ್ಲಿ ಸತ್ತಿದ್ದಾರೆ. ಕುಡಿದವರನ್ನು ದಂಡೆಗೆ ಬಿಡಲೇಬೇಡಿ. ಪಿಂಪ್ರಿ-ಚಿಂಚ್ವಡದವರು ಕುಡಿಯುವ ನೀರೂ ಇದೇ, ಹಾಗಾಗಿ ಶೌಚಕ್ಕೆ ದಂಡೆಯಿಂದ ನೂರು ಹೆಜ್ಜೆ ಆಚೆ ಹೋಗಿ ಗುಂಡಿ ತೋಡಿ ಮುಚ್ಚಿ. ಪಾತ್ರೆಯನ್ನೂ ನೀರಿನಲ್ಲಿ ತೊಳೆಯಬೇಡಿ.

ಭಾನುವಾರ ಬೆಳಗ್ಗೆ ಬೇಗ ಏಳುವವರು ಹತ್ತಿರದ ತಿಕೋನಾ ಕೋಟೆ ಹತ್ತಬಹುದು. ಇನ್ನೊಂದು ಕೋಟೆ ಲೋಹಗಡ 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ, ಅಲ್ಲಿ ಜನ ಜಾಸ್ತಿ. ಇಬ್ಬನಿ ಆರುವ ತನಕ ಟೆಂಟ್ ಮಡಚಬೇಡಿ, ಒದ್ದೆಯಾಗಿಯೇ ಸುತ್ತಿಟ್ಟರೆ ಬೂಸ್ಟು ಹಿಡಿಯುತ್ತದೆ. ಕಸ ಒಂದು ಚೀಲದಲ್ಲಿ ತುಂಬಿ ಮನೆಗೇ ಒಯ್ಯಿರಿ. ಕಾರಿನಲ್ಲಿ ಬಂದ ಮುಂಬೈಯವರು ಊಟಕ್ಕೆ ಕಾಯದೆ ಹೊರಡುವುದು ವಾಸಿ, ಭಾನುವಾರ ಸಂಜೆ ಖಂಡಾಲಾ ಘಾಟಿನಲ್ಲಿ ಸಿಕ್ಕಿಕೊಂಡರೆ ಮನೆ ಸೇರುವುದು ಯಾವಾಗಲೋ.