ಪಳಗಿದ ಪ್ರೇರಕರಿಗೆ ಮತ್ತೆ ತರಬೇತಿ: ನನ್ನ ಅನುಭವ

ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿ, ಸಭೆ ನಡೆಸಿ ಪಳಗಿದ ಪ್ರೇರಕರಿಗೆ ನೀವೇನು ಕಲಿಸ್ತೀರಿ ಎಂದು ಜೊತೆಯವರೇ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಮುಂದಿನ ಬ್ಯಾಚ್ ಯಾವಾಗ ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಬರುವವರು ಹೊಸಬರಲ್ಲ. 2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಕಾರ್ಯಕರ್ತೆಯರ ಜೊತೆ ಓಡಾಡಿ ಸಂಘ ಕಟ್ಟಿದವರು. ಒಂದಿಬ್ಬರು, ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಕಾಲದವರು. ಸಂಘ ನಡೆಸುವ ಐದು ನಿಯಮಗಳಾದ ಪಂಚಸೂತ್ರವನ್ನು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಪಿಪಿಟಿ ಹಾಕಿದರೆ ಊಟದ ಮೇಲೆ ಅರ್ಧ ಹಾಲ್ ಖಾಲಿ. ಆಟ ಆಡಿಸಿದರೆ, "ಇದನ್ನ ನಾವೇ ಆಡಿಸ್ತೀವಿ ಮೇಡಂ" ಅಂದರು. ಅಣಕು ಸಭೆ ಮಾಡಿಸಿದೆ. ಜಗಳಗಂಟಿ ಸದಸ್ಯೆಯ ಪಾತ್ರ ಭರ್ಜರಿಯಾಯಿತು, ಎಲ್ಲರೂ ನಕ್ಕರು, ಅಷ್ಟೇ. ಆ ಬ್ಯಾಚುಗಳಿಗೆ ಹಾಲ್, ಊಟ, ಬಸ್ ಚಾರ್ಜ್ ಅಂತ ಮೂವತ್ತು ಸಾವಿರದ ಹತ್ತಿರ ಹೋಯಿತು. ಕರೆಸಿದ ಸಂಸ್ಥೆ ಅರ್ಧ ಬಿಲ್ಲನ್ನಷ್ಟೇ ಪಾಸ್ ಮಾಡಿತು, ಅದೂ ಮಾರ್ಚ್ ಕಳೆದ ಮೇಲೆ.

ಆಮೇಲೆ ಹಾಲ್‌ನಲ್ಲಿ ಕೂರಿಸಿ ಕಲಿಸುವುದನ್ನೇ ಬಿಟ್ಟೆ. ಸದಸ್ಯರನ್ನು ಕೇಳಿಕೊಂಡು, ನಿಜವಾದ ವಾರದ ಸಭೆಗೇ ಹೋದೆವು. ಒಬ್ಬ ಪ್ರೇರಕರು ಸಭೆ ನಡೆಸುತ್ತಾರೆ, ಉಳಿದ ಪ್ರೇರಕರು ಗೋಡೆ ಬದಿ ಬಾಯಿ ಮುಚ್ಚಿಕೊಂಡು ಕೂರಬೇಕು. ಒಬ್ಬರ ಕೈಯಲ್ಲಿ ಹುಣಸೆ ಬೀಜ. ಪ್ರೇರಕರು ಬಾಯಿ ಬಿಟ್ಟಾಗೆಲ್ಲ ಒಂದು ಡಬ್ಬಿಗೆ ಬೀಜ, ಸದಸ್ಯರು ಮಾತಾಡಿದರೆ ಇನ್ನೊಂದಕ್ಕೆ. ಕೊನೆಗೆ ನಾನು ಏನೂ ಹೇಳುವುದಿಲ್ಲ. ಡಬ್ಬಿ ಅವರ ಕೈಗೇ ಕೊಟ್ಟು ಎಣಿಸಲು ಹೇಳುತ್ತೇನೆ. "ನಾನು ಜಾಸ್ತಿ ಮಾತಾಡಲ್ಲ" ಎಂದವರದೇ ನೂರಕ್ಕೆ ಅರವತ್ತು, ಎಪ್ಪತ್ತು ಬರುತ್ತಿತ್ತು! ಮೂರ್ನಾಲ್ಕು ಸಭೆಗಳಲ್ಲಿ ಮೂವತ್ತಕ್ಕೆ ಇಳಿಸಿದ್ದೇನೆ.

ಇದರಲ್ಲೂ ಒಂದು ಕಿರಿಕಿರಿ ಬಂತು. ಬೀಜ ಉಳಿಸಲು ಕೆಲವು ಪ್ರೇರಕರು ಸುಮ್ನೆ ಕೂತುಬಿಟ್ಟರು. ಆಗ ಅಧ್ಯಕ್ಷೆಯದೇ ದರ್ಬಾರು. ಸಾಲ ಯಾರಿಗೆ, ಎಷ್ಟು, ಎಲ್ಲ ಆಕೆಯದೇ ತೀರ್ಮಾನ. ಅಧ್ಯಕ್ಷೆಗೆ ಬೇರೆ ಡಬ್ಬಿ ಇಟ್ಟ ಮೇಲೆ ಲೆಕ್ಕ ಸರಿಹೋಯಿತು. ಯಾರನ್ನು, ಯಾವಾಗ ಮಾತಿಗೆಳೆಯಬೇಕು ಎಂಬುದೇ ಹಳಬರು ಕಲಿಯಬೇಕಾದದ್ದು, ಅಲ್ವಾ?

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಯೂ ನೋಡಿದೆ. ಸಾಲ ಬಾಕಿ ಇಟ್ಟವರು ಬಾಯೇ ಬಿಡಲಿಲ್ಲ, ನಿಲ್ಲಿಸಿದೆ. ಸಂಘದ ಲೆಕ್ಕದ ಪುಸ್ತಕ ಬರೆಯುವವರನ್ನು ಅಧ್ಯಕ್ಷೆಯ ಪಕ್ಕದಿಂದ ಎಬ್ಬಿಸಿ ಬಾಗಿಲ ಬಳಿ ಕೂರಿಸಿದ್ದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ಹಿಂದೆ ಕೂರುವ ಹೆಂಗಸರು ಬಗ್ಗಿ ತಮ್ಮ ಉಳಿತಾಯದ ಲೆಕ್ಕ ನೋಡತೊಡಗಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಪ್ರೇರಕರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯೋಲ್ಲ, ನನ್ನ ಹೊಟ್ಟೆಪಾಡು ಅದರ ಮೇಲಿದೆ. ಈಗ ಒಂದು ಬ್ಯಾಚಿಗೆ ಆರೇಳು ಸಾವಿರ ಸಾಕು, ಆರು ಜನಕ್ಕಿಂತ ಜಾಸ್ತಿ ತಗೊಳ್ಳಲ್ಲ. ಮುಂಗಡ ಬರದೆ ಹೊರಡುವುದೂ ಇಲ್ಲ.