ಪಾಲ್ಮಿಟಿಕ್ ಆಮ್ಲವನ್ನು ಕೋಶಗಳಿಗೆ ಉಣಿಸಲು ಕಲಿತದ್ದು

ಡಿಸೆಂಬರಿನ ಒಂದು ಬೆಳಿಗ್ಗೆ. 70 ಡಿಗ್ರಿಯ ವಾಟರ್ ಬಾತ್‌ನಿಂದ ಗಾಜಿನ ಸೀಸೆ ಎತ್ತಿದಾಗ ಒಳಗಿದ್ದ ದ್ರಾವಣ ಬಾವಿ ನೀರಿನಷ್ಟು ತಿಳಿಯಾಗಿತ್ತು. ಓಣಿ ದಾಟಿ ಕೋಶಗಳನ್ನು ಬೆಳೆಸುವ ಕೋಣೆ ತಲುಪುವಷ್ಟರಲ್ಲಿ ಅದರಲ್ಲಿ ರೇಷ್ಮೆ ಎಳೆಯಂಥ ಹೊಳಪು ಸುತ್ತತೊಡಗಿತು. ಸೀಸೆಯನ್ನು ಹುಡ್ ಎಂಬ ಶುದ್ಧ ಗಾಳಿಯ ಗೂಡಿನೊಳಗೆ ಇಡುವ ಹೊತ್ತಿಗೆ ಅದು ಗಂಜಿಯಾಗಿತ್ತು. ನಡುವೆ ಇದ್ದದ್ದು ನಲವತ್ತು ಹೆಜ್ಜೆ ಅಷ್ಟೆ. ಚೆನ್ನಾಗಿ ಕುಲುಕಿ ಅದನ್ನೇ ಯಕೃತ್ತಿನ ಕೋಶಗಳಿಗೆ ಹಾಕಿದೆ. ಮರುದಿನ ಕೋಶಗಳೆಲ್ಲ ತಟ್ಟೆಯ ತಳ ಬಿಟ್ಟು ತೇಲುತ್ತಿದ್ದವು. ‘ಪಾಲ್ಮಿಟಿಕ್ ಆಮ್ಲ ಕೋಶಗಳನ್ನು ಕೊಲ್ಲುತ್ತದೆ’ ಎಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಆ ವಾಕ್ಯವನ್ನು ಹೊಡೆದುಹಾಕಲು ಏಳು ತಿಂಗಳು ಹಿಡಿಯಿತು.

ಈ ಆಮ್ಲ ಹದಿನಾರು ಇಂಗಾಲಗಳ ನೇರ ಸರಪಳಿಯ ಕೊಬ್ಬಿನಾಮ್ಲ. ತಾಳೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ತುಪ್ಪದಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಇದೆ. ಚಳಿಗಾಲದಲ್ಲಿ ಡಬ್ಬಿಯ ತುಪ್ಪ ಹರಳುಗಟ್ಟುತ್ತದಲ್ಲ, ಆ ಹರಳುಗಳಲ್ಲಿ ಇದರ ಪಾಲು ದೊಡ್ಡದು. ಬಿಡಿಯಾಗಿದ್ದರೆ ಸುಮಾರು 63 ಡಿಗ್ರಿಯಲ್ಲಿ ಕರಗುತ್ತದೆ, ನೀರಿನೊಂದಿಗಂತೂ ಸೇರುವುದೇ ಇಲ್ಲ. ಹಾಗಾಗಿ ನಾವು ಬಳಸುವುದು ಅದರ ಸೋಡಿಯಂ ಲವಣವಾದ ಸೋಡಿಯಂ ಪಾಲ್ಮಿಟೇಟನ್ನು, ಅಂದರೆ ಸಾಬೂನನ್ನು. ನಾನು ದಿನವೂ ಮಹಾಲಕ್ಷ್ಮಿಯಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇನೆ. ನಡುವೆ ಸಿಗುವುದು ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ. ಸೀಸೆಯಲ್ಲಿ ಸುತ್ತಿದ ಹೊಳಪು ಸಾಬೂನಿನ ಹರಳುಗಳದ್ದೆಂದು ಹೊಳೆದದ್ದು ಒಂದು ಸಂಜೆ ಆ ಹೆಸರಿನ ಘೋಷಣೆ ಕೇಳಿದಾಗಲೇ.

ನಮ್ಮ ರಕ್ತದಲ್ಲಿ ಈ ಆಮ್ಲ ಒಂಟಿಯಾಗಿ ಓಡಾಡುವುದಿಲ್ಲ, ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ಹೊತ್ತು ತಿರುಗುತ್ತದೆ. ಒಂದು ಆಲ್ಬುಮಿನ್ ಅಣುವಿನಲ್ಲಿ ಕೊಬ್ಬಿನಾಮ್ಲ ಕೂರುವ ಏಳು ಜಾಗಗಳನ್ನು ಗುರುತಿಸಿದ್ದಾರೆ, ಅವುಗಳಲ್ಲಿ ಮೂರರ ಹಿಡಿತ ಮಾತ್ರ ಬಿಗಿ. ಪ್ರಯೋಗಾಲಯಗಳಲ್ಲಿ ಒಂದು ಆಲ್ಬುಮಿನ್‌ಗೆ ಆರು ಪಾಲ್ಮಿಟೇಟ್ ಹೇರುವುದು ಸಾಮಾನ್ಯ ರೂಢಿ. ಮೊದಲು ನಾನೂ ಹಾಗೆಯೇ ಮಾಡಿದೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಈ ಅನುಪಾತ ಸಾಮಾನ್ಯವಾಗಿ ಒಂದರ ಆಸುಪಾಸಿನಲ್ಲಿ ಇರುತ್ತದೆ. ಆರಕ್ಕೆ ಏರಿಸಿದರೆ ಹಿಡಿತ ತಪ್ಪಿ ಬಿಡಿಯಾಗಿ ಉಳಿಯುವ ಆಮ್ಲ ಎಷ್ಟೋ ಪಟ್ಟು ಹೆಚ್ಚುತ್ತದೆ. ಲೇಬಲ್ ಮೇಲೆ ಬರೆದ ಮಿಲಿಮೋಲಾರ್, ಅಂದರೆ ದ್ರಾವಣದ ಸಾಂದ್ರತೆ, ಒಂದೇ ಇದ್ದರೂ ಕೋಶಕ್ಕೆ ತಾಗುವ ಪೆಟ್ಟು ಬೇರೆ. ಪಾಲ್ಮಿಟಿಕ್ ಆಮ್ಲದ ಕುರಿತ ಯಾವ ಪ್ರಬಂಧ ಕೈಗೆ ಬಂದರೂ ಈಗ ನಾನು ಮೊದಲು ಹುಡುಕುವುದು ಈ ಅನುಪಾತವನ್ನು. ಅದನ್ನು ಬರೆಯದ ಪ್ರಬಂಧವನ್ನು ನಾನು ನಂಬುವುದಿಲ್ಲ.

ಈಗ ನಾನು ಮಾಡುವ ಕ್ರಮ ಹೀಗಿದೆ. 16.7 ಮಿಲಿಗ್ರಾಂ ಸೋಡಿಯಂ ಪಾಲ್ಮಿಟೇಟನ್ನು 150 ಮಿಲಿಮೋಲಾರ್ ಉಪ್ಪು ನೀರಿನ 10 ಮಿಲಿಲೀಟರ್‌ನಲ್ಲಿ ಹಾಕಿ 70 ಡಿಗ್ರಿಗೆ ಕಾಯಿಸಿದರೆ 6 ಮಿಲಿಮೋಲಾರ್ ದ್ರಾವಣ ಸಿಗುತ್ತದೆ. ಪಕ್ಕದಲ್ಲೇ, ಅದೇ ಮೇಜಿನ ಮೇಲೆ, 37 ಡಿಗ್ರಿಯಲ್ಲಿ 2 ಮಿಲಿಮೋಲಾರ್ ಆಲ್ಬುಮಿನ್ ನಿಧಾನವಾಗಿ ತಿರುಗುತ್ತಿರಬೇಕು. ಪಿಪೆಟ್‌ನ ಗಾಜನ್ನೂ ಬಿಸಿ ಮಾಡಿಟ್ಟುಕೊಂಡು, ಸಾಬೂನು ನೀರನ್ನು ಸ್ವಲ್ಪ ಸ್ವಲ್ಪವಾಗಿ ಆಲ್ಬುಮಿನ್‌ಗೆ ಬಿಡುತ್ತೇನೆ. ಮೊದಲ ಹನಿ ಬಿದ್ದ ಕಡೆ ಬಿಳಿ ಮೋಡವೊಂದು ಎದ್ದು ಎರಡು ಸುತ್ತಿನಲ್ಲಿ ಕರಗಿಹೋಗುತ್ತದೆ. ಅದು ಪೂರ್ತಿ ಕರಗುವವರೆಗೆ ಎರಡನೆಯದನ್ನು ಬಿಡುವುದಿಲ್ಲ. ಅವಸರ ಮಾಡಿದರೆ ಮೋಡ ಉಳಿದುಬಿಡುತ್ತದೆ, ಉಳಿದರೆ ಆ ಬ್ಯಾಚು ಸಿಂಕಿಗೆ. ಸಮ ಪ್ರಮಾಣದಲ್ಲಿ ಬೆರೆಸಿದ ಮೇಲೆ ಒಂದು ಗಂಟೆ 37 ಡಿಗ್ರಿಯಲ್ಲೇ ಬಿಟ್ಟು, ಶೋಧಿಸಿ, ಸಣ್ಣ ಸೀಸೆಗಳಿಗೆ ಹಂಚಿ ಫ್ರೀಜರ್‌ಗೆ ಇಡುತ್ತೇನೆ. ಅನುಪಾತ ಮೂರಕ್ಕೆ ಒಂದು. ಜೊತೆಗೆ ಪಾಲ್ಮಿಟೇಟ್ ಇಲ್ಲದ ಬರೀ ಉಪ್ಪು ನೀರು ಬೆರೆಸಿದ ಆಲ್ಬುಮಿನ್, ಅದೇ ದಿನ, ಅದೇ ಪುಡಿಯಿಂದ. ಇದಿಲ್ಲದೆ ಹೋಲಿಕೆಗೆ ಅರ್ಥವೇ ಇಲ್ಲ. ಕೊಬ್ಬು ತೆಗೆದ ಆಲ್ಬುಮಿನ್ ದುಬಾರಿ ಎಂದು ಒಮ್ಮೆ ಸಾಮಾನ್ಯ ಪುಡಿ ಬಳಸಿದೆ. ಅದು ಬರುವಾಗಲೇ ಬೆನ್ನ ಮೇಲೆ ಕೊಬ್ಬಿನಾಮ್ಲ ಹೊತ್ತುಕೊಂಡು ಬಂದಿರುತ್ತದೆ. ಎರಡು ತಿಂಗಳ ಫಲಿತಾಂಶಗಳನ್ನು ಬದಿಗಿಡಬೇಕಾಯಿತು.

ಕೋಶದೊಳಗೆ ಎಷ್ಟು ಹೋಯಿತೆಂದು ಅಳೆಯಲು ಕೊಬ್ಬನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್ ಮಾಡಿ, ಒಂದೊಂದು ಕೊಬ್ಬಿನಾಮ್ಲವನ್ನೂ ಬೇರ್ಪಡಿಸಿ ಒಂದೊಂದು ಶಿಖರವಾಗಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಹಾಕಿದೆ. ಕೋಶವೇ ಇಲ್ಲದ ಖಾಲಿ ಮಾದರಿಯಲ್ಲೂ ಹದಿನಾರು ಇಂಗಾಲದ ಶಿಖರ ಎದ್ದು ನಿಂತಿತು! ಪ್ಲಾಸ್ಟಿಕ್ ಕೊಳವೆಗಳಿಂದ, ಪಿಪೆಟ್‌ನ ತುದಿಗಳಿಂದ, ಬೆರಳಿನ ಜಿಡ್ಡಿನಿಂದ ಈ ಆಮ್ಲ ಇಳಿಯುತ್ತದೆ. ಗಾಜು, ಟೆಫ್ಲಾನ್ ಮುಚ್ಚಳ, ದ್ರಾವಕದಲ್ಲಿ ಮೂರು ಬಾರಿ ತೊಳೆತ: ಇಷ್ಟಾದ ಮೇಲೆ ಶಿಖರ ತಗ್ಗಿತು, ಪೂರ್ತಿ ಹೋಗಲಿಲ್ಲ. ಪ್ರತಿ ಬಾರಿಯೂ ಖಾಲಿ ಮಾದರಿ ಓಡಿಸಿ ಅದನ್ನು ಕಳೆಯುತ್ತೇನೆ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ 0.25 ಮಿಲಿಮೋಲಾರ್‌ನಲ್ಲಿ ಕೆಲವು ಕೋಶಗಳು ಸಾಯುತ್ತವೆ, ಅದು ನಿಜ. ಸಾವು ಏಕೆಂಬುದೇ ನನ್ನನ್ನು ಹಿಡಿದಿಟ್ಟ ಪ್ರಶ್ನೆ. ಕೊಬ್ಬಿನಾಮ್ಲ ತಯಾರಿಸುವ ನಮ್ಮದೇ ಕಿಣ್ವ ಕೊನೆಗೆ ಕೈಗಿಡುವುದು ಇದೇ ಹದಿನಾರು ಇಂಗಾಲದ ಆಮ್ಲವನ್ನು. ಉರಿಸಿದರೆ ಒಂದು ಅಣುವಿನಿಂದ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 106 ಸಿಗುತ್ತದೆ. ಇಂಥದ್ದು ವಿಷವಾಗುವುದಾದರೂ ಹೇಗೆ? ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ದಾರಿ ತೋರಿಸಿತ್ತು. ಪಾಲ್ಮಿಟೇಟ್ ಒಂದೇ ಬಂದರೆ ಕೋಶ ಅದನ್ನು ಟ್ರೈಗ್ಲಿಸರೈಡ್ ಎಂಬ ಶೇಖರಣೆಯ ಕೊಬ್ಬಾಗಿ ಮಾಡಿ ಕೂಡಿಡಲು ಸೋಲುತ್ತದೆ. ಉಳಿದದ್ದರಲ್ಲಿ ಒಂದಷ್ಟು ಸೆರೀನ್ ಎಂಬ ಅಮೈನೋ ಆಮ್ಲದ ಜೊತೆ ಸೇರಿ, ಹೆಚ್ಚಾದರೆ ಕೋಶಕ್ಕೆ ಹಾನಿ ಮಾಡಬಲ್ಲ ಸೆರಮೈಡ್ ಎಂಬ ಕೊಬ್ಬಿನ ಹಾದಿ ಹಿಡಿಯುತ್ತದೆ. ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಒಲಿಯಿಕ್ ಆಮ್ಲ ಜೊತೆಗಿದ್ದರೆ ಕೂಡಿಡುವ ಕೆಲಸ ಸರಾಗ.

ನಾನೂ ಮಾಡಿ ನೋಡಿದೆ. ಎರಡೂ ಆಮ್ಲ ಹಾಕಿದ ತಟ್ಟೆಗೆ ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಪ್ರತಿ ಕೋಶದ ತುಂಬ ದಾಳಿಂಬೆ ಕಾಳುಗಳಂತೆ ಕೆಂಪು ಹನಿಗಳು ಒತ್ತಾಗಿ ಕೂತಿದ್ದವು. ಕೋಶಗಳು ತಳಕ್ಕೆ ಅಂಟಿಕೊಂಡೇ ಇದ್ದವು. ಪಾಲ್ಮಿಟೇಟ್ ಒಂದನ್ನೇ ಕೊಟ್ಟ ಪಕ್ಕದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಹನಿ, ಮುದುಡಿದ ಕೋಶಗಳು. ಕೊಬ್ಬು ತುಂಬಿದ ಕೋಶವೇ ಬದುಕಿತ್ತು. ನೋಟ್‌ಬುಕ್‌ನ ಹಳೆಯ ವಾಕ್ಯದ ಮೇಲೆ ಗೆರೆ ಎಳೆದದ್ದು ಅಂದೇ.

ಈಗ ಅನುಪಾತವನ್ನು ಒಂದಕ್ಕೆ ಒಂದು ಇಳಿಸಿ ಅದೇ ಪ್ರಯೋಗ ನಡೆಸುತ್ತಿದ್ದೇನೆ. 48 ಗಂಟೆ ಕಳೆದಿದೆ, ಕೋಶಗಳು ಇನ್ನೂ ತಳ ಬಿಟ್ಟಿಲ್ಲ. ಶುಕ್ರವಾರ ಎಣಿಸಬೇಕು.